ಬಣ್ಣಗಾರರ ಬೀದಿಯ ಸೂಲಗಿತ್ತಿ

ನದಿಯ ವಿಷಯವನ್ನು ವಿದ್ಯಾರ್ಥಿನಿ ಎತ್ತಿಯೇ ಇರಲಿಲ್ಲ.

"ನದಿ ದಾಟಿದ ಮೇಲೆ ಬಣ್ಣಗಾರರ ಬೀದಿ ಅಂತ ಬರತ್ತಲ್ವಾ?" ಎಂದು ಸಂದರ್ಶಕಿ ಕೇಳಿದಾಗ, ವಿದ್ಯಾರ್ಥಿನಿಯ ಕೈಯಲ್ಲಿದ್ದ ಅಂಟಿನ ಕುಂಚ ಅಲ್ಲೇ ನಿಂತಿತು.

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ಅವಳ ಅರೆಕಾಲಿಕ ಕೆಲಸ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಅಂಟು, ಸೂಜಿ, ದಾರ. ಈ ದೇಶಕ್ಕೆ ಬಂದು ಏಳು ತಿಂಗಳಾಗಿತ್ತು. 'ಕಾಲೇಜು ಪತ್ರಿಕೆಗೆ ನಿಮ್ಮ ದೇಶದ ಬಗ್ಗೆ ನಾಲ್ಕು ಮಾತು ಬೇಕಿತ್ತು' ಎಂದು ಈ ಹೆಂಗಸು ಫೋನ್ ಮಾಡಿದಾಗ, ಒಲ್ಲೆ ಎಂದರೆ ಎಲ್ಲಿ ಅನುಮಾನ ಬರುವುದೋ ಎಂದು ಒಪ್ಪಿಕೊಂಡಿದ್ದಳು.

ಹೆದರಲು ಕಾರಣವಿತ್ತು. ಅವಳ ದೇಶದವನೇ ಆದ ಹಿರಿಯ ವಿದ್ಯಾರ್ಥಿಯೊಬ್ಬ ಹೋದ ವರ್ಷ ಹೀಗೇ ಯಾರದೋ ಮುಂದೆ ಮನಸ್ಸು ಬಿಚ್ಚಿ ಮಾತಾಡಿದ್ದ. ವಾರ ತುಂಬುವುದರೊಳಗೆ ಊರಿನಲ್ಲಿ ಅವನ ತಂದೆಯನ್ನು ಜೀಪು ಹತ್ತಿಸಿಕೊಂಡು ಹೋದರು. ಅಂದಿನಿಂದ ಅವನು ಹವಾಮಾನದ ಬಗ್ಗೆ ಕೂಡ ಬಾಯಿ ಬಿಡುತ್ತಿರಲಿಲ್ಲ.

ಆದ್ದರಿಂದ ಅವಳು ಉತ್ತರಗಳನ್ನು ಮೊದಲೇ ಉರು ಹೊಡೆದಿದ್ದಳು. ನಮ್ಮಲ್ಲಿ ಚಳಿ ಹೆಚ್ಚು. ಮದುವೆ ಮೂರು ದಿನ ನಡೆಯುತ್ತದೆ. ಹಿರಿಯರೆಂದರೆ ಬಹಳ ಗೌರವ. ಸಂದರ್ಶಕಿ ಅದನ್ನೆಲ್ಲ ಒಲ್ಲದ ಮನಸ್ಸಿನಿಂದ ಗೀಚಿಕೊಂಡಿದ್ದಳು. ಮೂವತ್ತು ದಾಟಿದ ಹೆಂಗಸು. ಕೇಳಿಸಿಕೊಳ್ಳುವಾಗ ತಲೆಯನ್ನು ಒಂದಿಷ್ಟು ಓರೆ ಮಾಡುತ್ತಿದ್ದಳು. ಈ ಮುಖವನ್ನು ಎಲ್ಲೋ ನೋಡಿದ್ದೇನೆ ಎಂದು ವಿದ್ಯಾರ್ಥಿನಿಗೆ ಆಗಿನಿಂದಲೂ ಅನ್ನಿಸುತ್ತಿತ್ತು. ಎಲ್ಲಿ? ರಾಯಭಾರ ಕಚೇರಿಯ ಗೇಟಿನ ಬಳಿಯೇ?

"ಬೀದಿಗಳು ನೂರಾರು ಇವೆ ಮೇಡಂ," ಎಂದಳು. "ಎಲ್ಲ ಯಾರಿಗೆ ಗೊತ್ತಿರತ್ತೆ?"

"ಅಲ್ಲಿ ಒಬ್ಬರು ಸೂಲಗಿತ್ತಿ ಇದ್ರಂತೆ."

ಆ ಬೀದಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ. ವಿದ್ಯಾರ್ಥಿನಿಯ ಅಮ್ಮ. ಅಮ್ಮನ ಮನೆಯ ಅಟ್ಟದ ಮೇಲೆ ನಾಲ್ಕು ತಿಂಗಳಿಂದ ಅಣ್ಣ ಅಡಗಿ ಕೂತಿದ್ದ. ಸರ್ಕಾರದ ವಿರುದ್ಧ ಕರಪತ್ರ ಅಚ್ಚು ಹಾಕಿದವನನ್ನು ಊರೂರು ಹುಡುಕುತ್ತಿದ್ದರು.

"ಯಾಕೆ ಕೇಳ್ತಿದೀರಿ?"

"ಹಳೇ ಕಾಲದ ಕಸುಬುಗಳ ಬಗ್ಗೆ ಬರೆಯೋಣ ಅಂತ." ಸಂದರ್ಶಕಿ ಕಣ್ಣು ತಪ್ಪಿಸಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. ಅಥವಾ ಹಾಗೆ ತೋರಿಸಿಕೊಳ್ಳುವಷ್ಟು ಪಳಗಿದವಳು. "ಅವರು ಈಗಲೂ ಅಲ್ಲೇ ಇದಾರಾ?"

"ತೀರಿಹೋದ್ರು."

ಮಾತು ಬಾಯಿಂದ ಜಾರಿ ಆಗಿತ್ತು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

"ಯಾವಾಗ?"

"ಮೂರು ವರ್ಷ ಆಯ್ತು. ಮನೇನೂ ಕೆಡವಿಬಿಟ್ರು."

"ಮಕ್ಕಳು ಮರಿ?"

"ಯಾರೂ ಇರಲಿಲ್ಲ. ಒಂಟಿ ಹೆಂಗಸು."

ಸಂದರ್ಶಕಿ ಮೇಜಿನ ಮೇಲೆ ಓಡುತ್ತಿದ್ದ ರೆಕಾರ್ಡರನ್ನು ಆರಿಸಿದಳು. ಪೆನ್ನಿನ ಮುಚ್ಚಳ ಹಾಕಿ ಕಣ್ಣೊರೆಸಿಕೊಂಡಳು.

"ಪತ್ರಿಕೆ ಗಿತ್ರಿಕೆ ಏನೂ ಇಲ್ಲ. ಸುಳ್ಳು ಹೇಳಿದೆ, ಕ್ಷಮಿಸಮ್ಮ," ಎಂದಳು. "ನಾನೊಂದು ಔಷಧಿ ಅಂಗಡೀಲಿ ಕೆಲಸ ಮಾಡ್ತೀನಿ. ಕಾಲೇಜಿಗೆ ಹೊಸದಾಗಿ ಸೇರಿದವರ ಪಟ್ಟೀಲಿ ನಿಮ್ಮೂರಿನ ಹೆಸರು ಕಣ್ಣಿಗೆ ಬಿತ್ತು. ಅದು ನನ್ನೂರು ಕೂಡ. ಹದಿನೈದು ದಿನದ ಕೂಸಾಗಿದ್ದಾಗ ನನ್ನನ್ನ ದತ್ತು ತಗೊಂಡು ಇಲ್ಲಿಗೆ ಕರ್ಕೊಂಡು ಬಂದ್ರು. ಹೆತ್ತವಳ ಹೆಸರು ಯಾವ ಕಾಗದದಲ್ಲೂ ಇಲ್ಲ. ತಂದೊಪ್ಪಿಸಿದವರು ಅಂತ ಮಾತ್ರ ಇದೆ. ಬಣ್ಣಗಾರರ ಬೀದಿಯ ಸೂಲಗಿತ್ತಿ. ನನ್ನಮ್ಮ ಯಾರು ಅನ್ನೋದು ಅವರೊಬ್ಬರಿಗೇ ಗೊತ್ತಿತ್ತು."

ವಿದ್ಯಾರ್ಥಿನಿ ಅವಳ ಮುಖ ನೋಡಿದಳು. ಸತ್ಯ ಹೇಳಿಬಿಡಲೇ? ಇದೂ ಒಂದು ಬಲೆಯಾಗಿದ್ದರೆ? ಬೇಹಿನವರಿಗೆ ಕಣ್ಣೀರು ತರಿಸಿಕೊಳ್ಳುವುದೇನು ಮಹಾ? ಅಟ್ಟದ ಮೇಲೆ ಕೆಮ್ಮನ್ನೂ ನುಂಗಿಕೊಂಡು ಮಲಗುವ ಅಣ್ಣ ಕಣ್ಣ ಮುಂದೆ ಬಂದ. ಅವಳು ಕುಂಚವನ್ನು ಅಂಟಿನೊಳಗೆ ಅದ್ದಿದಳು, ತೆಗೆದಳು, ಮತ್ತೆ ಅದ್ದಿದಳು.

"ಏನಾದರೂ ನೆನಪಾದ್ರೆ ಹೇಳು," ಎಂದು ಸಂದರ್ಶಕಿ ಚೀಟಿಯಲ್ಲಿ ನಂಬರು ಬರೆದಿಟ್ಟಳು. ಮೆಟ್ಟಿಲು ಹತ್ತಿ ಹೊರಟುಹೋದಳು.

ನಾಲ್ಕು ದಿನ ವಿದ್ಯಾರ್ಥಿನಿಗೆ ಊಟ ಸೇರಲಿಲ್ಲ. ಕಟ್ಟಿದ ಪುಸ್ತಕದಲ್ಲಿ ಹಾಳೆಗಳು ತಲೆಕೆಳಗಾಗಿ ಬೈಸಿಕೊಂಡಳು. ಬದುಕಿರುವ ತಾಯಿಯನ್ನು ಬಾಯಾರೆ ಕೊಂದದ್ದು ಒಂದು ಕಡೆ, ಯಾರದೋ ತಾಯಿಯನ್ನು ಎರಡನೇ ಸಲ ಕಸಿದದ್ದು ಇನ್ನೊಂದು ಕಡೆ.

ಭಾನುವಾರ ಮಧ್ಯಾಹ್ನ, ಅಮ್ಮ ಕೆಲಸ ಮಾಡುವ ಚಿಕಿತ್ಸಾಲಯಕ್ಕೆ ಫೋನ್ ಮಾಡಿದಳು. ಅಣ್ಣನ ಹೆಸರೆತ್ತದೆ, ನಡೆದದ್ದನ್ನಷ್ಟೇ ಹೇಳಿದಳು.

"ಅವಳಿಗೆ ಎಷ್ಟು ವಯಸ್ಸು ಅಂದೆ?" ಎಂದಳು ಅಮ್ಮ.

"ಮೂವತ್ತರ ಮೇಲೆ ಎರಡೋ ಮೂರೋ ಇರಬೇಕು."

"ಚೆನ್ನಾಗಿದಾಳಾ? ಮೈ ಕೈ ತುಂಬ್ಕೊಂಡಿದಾಳಾ?"

"ಅಮ್ಮಾ, ಅದಿರಲಿ. ನೀನು ನೂರಾರು ಹೆರಿಗೆ ಮಾಡಿಸಿದೀಯ, ನಿಜ. ಆದ್ರೂ ಒಂದ್ಸಲ ನೆನಪು ಮಾಡ್ಕೊ. ಅವಳ ತಾಯಿ ಯಾರು? ಆ ಹೆರಿಗೆ ಮಾಡಿಸಿದ್ದು ನೀನೇ ತಾನೇ?"

"ಮಾಡಿಸೋರು ಯಾರೂ ಇರಲಿಲ್ಲ ಕಣೇ," ಎಂದಳು ಅಮ್ಮ. "ಕೋಣೇಲಿ ನಾನೊಬ್ಬಳೇ ನೋವು ತಿಂತಿದ್ದೆ. ಆಮೇಲೆ ಅವಳು ಬಂದಳು."