ಎರಡಕ್ಕೆ ಸಾಲದ ಮೆಮೊರಿ

ಗಂಡ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದ ದಿನವೂ ಅವರ ಹಳೆಯ ಕಂಪ್ಯೂಟರ್ ಗುಂಯ್‌ಗುಡುತ್ತಲೇ ಇತ್ತು; ಆರಿಸಲು ಗೋದಾಬಾಯಿಗೆ ಮನಸ್ಸಾಗಲಿಲ್ಲ. ಹದಿಮೂರನೇ ದಿನದ ವೈಕುಂಠ ಸಮಾರಾಧನೆಗೆ ಮುನ್ನ, ಗಂಡ ಅದರಲ್ಲಿ ಇಟ್ಟುಹೋದ ಪತ್ರವನ್ನು ಓದಬೇಕೆಂದು ತಂಗಿಯ ಮಗಳನ್ನು ಕರೆಸಿದರು.

“ಮೌಶಿ, ಈ ಕಂಪ್ಯೂಟರಿನೊಳಗ ಕಾಕಾ ಎರಡು ಹಳೇ ಕಂಪ್ಯೂಟರಿನ ನಕಲು ಕೂಡಿಸ್ಯಾರ, ಒಂದೊಂದೂ ಪರದೆ ಮ್ಯಾಲೆ ಬ್ಯಾರೆ ಬ್ಯಾರೆ ತೆರೀತದ. ಪತ್ರ ಬ್ಯಾರೆ ಕಡೆ ಬರದು ಒಂದರಾಗ ಇಟ್ಟಾರ, ಆದ್ರ ಇನ್ನೊಂದು ಆಗ್ಲೇ ತೆರದದ. ಎರಡೂ ಒಮ್ಮೆಗೇ ತೆರೀಲಿಕ್ಕೆ ಮೆಮೊರಿ ಸಾಲೂದಿಲ್ಲ.”

“ಅದನ್ನ ಮುಚ್ಚವಾ.”

“ಉಳಿಸಿಟ್ಟಿಲ್ಲ. ಮುಚ್ಚಿದ್ರ ಅದರಾಗಿಂದು ಹೋಗ್ತದ.”

“ಮನಿ ಯಜಮಾನ್ರೇ ಹೋದ್ರು. ಮುಚ್ಚು.”

ಅವಳು ಮುಚ್ಚಿದಳು. ಪತ್ರ ತೆರೆಯಿತು; ಗಟ್ಟಿಯಾಗಿ ಓದಿದಳು.

‘ಗೋದಾ, ಪಕ್ಕದಲ್ಲಿ ತೆರೆದಿರುವ ಕಂಪ್ಯೂಟರನ್ನು ಮುಚ್ಚಬೇಡ. ನಮ್ಮ ಮಗಳು ವೃಂದಾ ಸಾಯುವ ದಿನ ನಿನಗೆ ಬರೆಯುತ್ತಿದ್ದದ್ದು ಅದರಲ್ಲಿದೆ. ಮುಟ್ಟಿದರೆ ಅಳಿದೀತೆಂದು ನಾನೂ ಮುಟ್ಟಿಲ್ಲ. ಅವಳ ವರ್ಷಾಂತಿಕದ ದಿನ ಓದು.’

ಗೋದಾಬಾಯಿ ಪರದೆಗೆ ಕೈಮುಗಿದರು.

“ವಿಠ್ಠಲಾ, ಅಪ್ಪ ಮಗಳಿಗೆ ಶಾಂತಿ ಕೊಡಪ್ಪಾ.”