ಅಜ್ಜಿಯ ಒದ್ದೆ ಸೀರೆ

ಅಮ್ಮ ತೀರಿಕೊಂಡು ತಿಂಗಳಾಯಿತು. ಇವತ್ತು ಗಂಜಿ ಬಸಿಯುವಾಗ ಎದ್ದ ಬಿಸಿ ವಾಸನೆಗೆ ಭದ್ರಾವತಿಯ ನಮ್ಮ ಹಳೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಆಗ ನನಗೆ ಎಂಟು ವರ್ಷ. ಎರಡು ವರ್ಷದ ತಮ್ಮನಿಗೆ ಬೆಳಗಿನಿಂದ ಭೇದಿ. "ಕುಡಿಸಿದಷ್ಟೂ ಹೋಗುತ್ತೆ" ಎಂದು ಅಜ್ಜಿ ಅವನಿಗೆ ಹನಿ ನೀರೂ ಕೊಟ್ಟಿರಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಮ್ಮ ಡ್ಯೂಟಿ ಮುಗಿಸಿ ಬಂದವಳೇ ಅವನ ಹೊಟ್ಟೆಯ ಚರ್ಮ ಚಿವುಟಿ ನೋಡಿದಳು. ಕೈ ಬಿಟ್ಟರೂ ಮಡಿಕೆ ಹಾಗೆಯೇ ನಿಂತಿತು; ಮೈಯ ನೀರೆಲ್ಲ ಬತ್ತಿತ್ತು.

"ಉಚ್ಚೆ ಯಾವಾಗ ಹೊಯ್ದ?"

"ಬೆಳಿಗ್ಗೆಯಿಂದ ಇಲ್ಲ ಕಣೇ," ಎಂದಳು ಅಜ್ಜಿ, ಮೆಲ್ಲಗೆ.

ಅಮ್ಮ ಬೈಯಲಿಲ್ಲ. ತೆಳ್ಳನೆಯ ಗಂಜಿಗೆ ಉಪ್ಪು ಹಾಕಿ ಆರಿಸಿ, ತಮ್ಮನನ್ನು ಅಜ್ಜಿಯ ಮಡಿಲಲ್ಲೇ ಕೂರಿಸಿ, ಚಮಚವನ್ನೂ ಅಜ್ಜಿಯ ಕೈಗೇ ಕೊಟ್ಟಳು. "ನಿಮಿಷಕ್ಕೊಂದು ಚಮಚ ಅತ್ತೆ. ಅವಸರ ಬೇಡ, ನಿಲ್ಲಿಸೋದೂ ಬೇಡ." ನಾನು ಗಡಿಯಾರ ನೋಡಿ "ಹೂಂ" ಅನ್ನಬೇಕಿತ್ತು. ಒಮ್ಮೆ ಅವನು ಎಲ್ಲವನ್ನೂ ಕಕ್ಕಿದಾಗ ಅಜ್ಜಿ ಚಮಚ ಕೆಳಗಿಟ್ಟಳು. "ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ," ಎಂದಳು ಅಮ್ಮ.

ಬಿಸಿಲು ಇಳಿಯುವ ಹೊತ್ತಿಗೆ ಅಜ್ಜಿ ಕೂಗಿದಳು: "ಹೊಯ್ದ ಮಾರಾಯ್ತಿ, ನನ್ನ ಸೀರೆಯೆಲ್ಲಾ ಒದ್ದೆ!"

ಆಗಷ್ಟೇ ಅಮ್ಮ ಯೂನಿಫಾರ್ಮಿನಲ್ಲೇ ನೆಲಕ್ಕೆ ಕೂತು, ಉಳಿದ ಗಂಜಿ ಕುಡಿದಳು. ಎಂಜಲು ತಾಗಿದರೂ ಸೀರೆ ಬದಲಿಸುತ್ತಿದ್ದ ಅಜ್ಜಿ, ಅಂದು ಅದೇ ಸೀರೆಯಲ್ಲಿ ದೇವರಿಗೆ ದೀಪ ಹಚ್ಚಿದಳು.