ಹಳಿಯ ನಡುವಿನ ಹುಲ್ಲು

ಟ್ರಾಮ್ ಹಳಿಗಳ ನಡುವಿನ ಹುಲ್ಲುಹಾಸನ್ನು ಕತ್ತರಿಸಿ, ಹಳಿಯ ಮೇಲೆ ಬಿದ್ದ ಹಸಿ ಚೂರನ್ನು ಒಂದೆಸಳೂ ಬಿಡದೆ ಗುಡಿಸುವುದು ಮುನಿಕೆಂಪನ ಕೆಲಸ. ಚೂರು ಉಳಿದರೆ ಚಕ್ರ ಜಾರುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಅಂದು ಅವನು ಹಳಿ ಬಿಟ್ಟೇಳುವುದು ತಡವಾಯಿತು. ಇಳಿಜಾರು ಹತ್ತುತ್ತಿದ್ದ ಟ್ರಾಮ್ ನಿಲ್ಲಿಸಿ ಡ್ರೈವರ್ ಕೆಳಗಿಳಿದ.

“ದಾರಿ ಬಿಡೋ ಹುಲ್ಲುಹುಳ! ನಂದು ಇಪ್ಪತ್ತು ಟನ್ ಕಬ್ಬಿಣ. ನಿಂದೇನು, ಮೇಕೆ ಮೇವು!”

“ದಿನಾ ಕತ್ತರಿಸಿದ್ರೂ ನಂದು ಚಿಗುರುತ್ತೆ ಸ್ವಾಮಿ. ನಿಮ್ಮದು ಒಂದ್ಸಲ ಮುರಿದ್ರೆ ಗುಜರಿಗೇ.”

ಡ್ರೈವರ್ ಕೈಯಲ್ಲಿದ್ದ, ಟ್ರಾಮ್ ನಡೆಸುವ ಕಬ್ಬಿಣದ ಹ್ಯಾಂಡಲನ್ನು ಬೀಸಿದ. ಮುನಿಕೆಂಪನ ಎರಡು ಹಲ್ಲುಗಳು ರಕ್ತದೊಡನೆ ಹುಲ್ಲಿನ ಮೇಲೆ ಉದುರಿದವು.

“ಇವನ್ನೂ ಚಿಗುರಿಸ್ಕೋ ಹೋಗು!”

ಟ್ರಾಮ್ ಹೊರಟುಹೋಯಿತು. ಮುನಿಕೆಂಪ ಪೊರಕೆ ಬಿಸಾಡಿ, ಇಳಿಜಾರಿನುದ್ದಕ್ಕೂ ಹುಲ್ಲು ಕತ್ತರಿಸಿ, ಚೂರನ್ನೆಲ್ಲ ಹಳಿಯ ಮೇಲೆಯೇ ಸುರಿದ. ಆಮೇಲೆ ತಿರುವಿನಲ್ಲಿ ಕುಳಿತು, ಬಾಯಿಯ ರಕ್ತ ನುಂಗುತ್ತ ಕಾದ.

ಶೆಡ್ಡಿಗೆ ಮರಳುವ ಅದೇ ಡ್ರೈವರನ ಖಾಲಿ ಟ್ರಾಮ್ ಇಳಿದು ಬಂತು. ಬ್ರೇಕ್ ಕಿರುಚಿತು, ಚಕ್ರಗಳು ಜಾರಿದವು, ಇಪ್ಪತ್ತು ಟನ್ ಕಬ್ಬಿಣ ಕಂಬಕ್ಕೆ ಅಪ್ಪಳಿಸಿ ಮಗುಚಿಕೊಂಡಿತು. ಡ್ರೈವರ್ ಗಾಜೊಡೆದು ಹೊರಗೆ ಎಸೆಯಲ್ಪಟ್ಟ.

ಸತ್ತನೋ ಇಲ್ಲವೋ ಎಂದು ಮುನಿಕೆಂಪ ಹತ್ತಿರ ಹೋಗಿ ಬಗ್ಗಿದ. ತಿರುವಿನಾಚೆ ಕತ್ತರಿಸದೆ ಉಳಿದಿದ್ದ ದಟ್ಟ ಹುಲ್ಲಿನ ಮೇಲೆ ಬಿದ್ದಿದ್ದವನು ಮೆಲ್ಲಗೆ ಎದ್ದು ಕೂತು, ಅವನ ಎರಡೂ ಕಾಲು ಹಿಡಿದುಕೊಂಡ.

“ನಿನ್ನ ಹುಲ್ಲೇ ನನ್ನ ಉಳಿಸ್ತು ಕಣಣ್ಣ.”